ಹುಳು ಹಣ್ಣಾದ ದಿನ

ಚಿಕ್ಕಗಂಗಮ್ಮನ ಸಾಕ್ಷಿಯನ್ನು ಬರೆದುಕೊಡಿ ಎಂದು ನಮ್ಮ ಸಭೆಯ ಪಾದ್ರಿ ಅಯ್ಯನವರು ಬಹಳ ದಿನದಿಂದ ನನ್ನ ಬೆನ್ನು ಹತ್ತಿದ್ದಾರೆ. ಕ್ರಿಸ್ಮಸ್ಸಿಗೆ ತರುವ ಸಣ್ಣ ಪತ್ರಿಕೆಗೆ ಬೇಕಂತೆ. ಸಾಕ್ಷಿ ಅಂದರೆ ಏನೆಂದು ನನಗೆ ಗೊತ್ತಿಲ್ಲವೇ? ಶುರುವಿನಲ್ಲಿ ಕಾಯಿಲೆ ಇರಬೇಕು, ನಡುವೆ ಪ್ರಾರ್ಥನೆ ಇರಬೇಕು, ಕೊನೆಯಲ್ಲಿ ಡಾಕ್ಟರು ಮೂಗಿನ ಮೇಲೆ ಬೆರಳಿಡಬೇಕು. ಅಂಥದ್ದು ಬೇಕಾದವರು ಈಗಲೇ ಹಾಳೆ ತಿರುಗಿಸಬಹುದು. ಇದರಲ್ಲಿ ಯಾರಿಗೂ ಗುಣವಾಗುವುದಿಲ್ಲ. ಹುಡುಗಿ ಸಾಯುತ್ತಾಳೆ. ಅದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಬರೆಯಲು ಸಲೀಸು.

ನಾನು ಕರುಣಾಮಣಿ. ಕೋಲಾರದ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದೇ ಕೂದಲು ಬೆಳ್ಳಗಾಯಿತು. ಬಾಯಿ ಜೋರು ಎನ್ನುತ್ತಾರೆ, ಎನ್ನಲಿ. ನಮ್ಮ ಮುತ್ತಜ್ಜನ ಕಾಲದಿಂದ ನಾವು ಕ್ರೈಸ್ತರು, ಆದ್ದರಿಂದ ಮೈಕು ಹಿಡಿದು ಕುಣಿಯುವ ಪ್ರಾರ್ಥನೆ ನನಗೆ ಒಗ್ಗುವುದಿಲ್ಲ. ನಿವೃತ್ತಿಯಾದ ಮೇಲೂ ಬುಧವಾರ ಬುಧವಾರ ವಾರ್ಡಿಗೆ ಹೋಗಿ, ಯಾರೂ ಇಲ್ಲದ ರೋಗಿಗಳ ಪಕ್ಕ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಅವಳು ನನಗೆ ಸಿಕ್ಕಿದ್ದೂ ಹಾಗೆಯೇ.

ಚಿಕ್ಕಗಂಗಮ್ಮ ಮುಳಬಾಗಿಲು ದಾಟಿ ಆಂಧ್ರದ ಅಂಚಿಗೆ ಹತ್ತಿಕೊಂಡಿರುವ ಒಂದು ಊರಿನವಳು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಮಕ್ಕಳಿಲ್ಲದ ತಾಯಿ ಊರಿನ ಗಂಗಮ್ಮನಿಗೆ ಹರಕೆ ಹೊತ್ತಿದ್ದಳು. ಹುಟ್ಟಿದ ಇಬ್ಬರಿಗೂ ಅದೇ ಹೆಸರಿಟ್ಟಳು. ದೊಡ್ಡವಳು ದೊಡ್ಡಗಂಗಮ್ಮ, ಇವಳು ಚಿಕ್ಕಗಂಗಮ್ಮ. ಹೆತ್ತವಳು ಬೇಗ ಕಣ್ಣು ಮುಚ್ಚಿದ್ದರಿಂದ ತಂಗಿಗೆ ತಲೆ ಬಾಚಿದ್ದು, ಬೈದಿದ್ದು, ಬಡಿಸಿದ್ದು ಎಲ್ಲ ಅಕ್ಕನೇ. ಅಕ್ಕನನ್ನು ಹೋಳೂರಿನ ಕಡೆಗೆ, ಚನ್ನರಾಯಪ್ಪ ಎಂಬವನಿಗೆ ಕೊಟ್ಟರು. ಅವಳು ಹಠ ಹಿಡಿದು ತಂಗಿಯನ್ನೂ ಅದೇ ಊರಿಗೆ ತಂದುಕೊಂಡಳು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನು ಬರುತ್ತಿತ್ತು.

ತಂಗಿಯ ಗಂಡ ವೆಂಕಟ್ ಟೆಂಪೊ ಓಡಿಸುತ್ತಿದ್ದ. ಶ್ರೀನಿವಾಸಪುರದಿಂದ ಮಾವಿನಕಾಯಿ ತುಂಬಿಕೊಂಡು ಬರುವಾಗ ಟೆಂಪೊ ಮಗುಚಿ ಸತ್ತ. ಒಬ್ಬಳೇ ಮಗಳು ಮೇಘನ ಆಗ ಹೈಸ್ಕೂಲು. ಚಿಕ್ಕಗಂಗಮ್ಮ ಅತ್ತು ಮುಗಿಸಿ, ಬೇರೆಯವರ ಹಿಪ್ಪುನೇರಳೆ ಸೊಪ್ಪಿನ ತೋಟವನ್ನು ಗುತ್ತಿಗೆಗೆ ಹಿಡಿದು ರೇಷ್ಮೆ ಹುಳು ಸಾಕಲು ಕೂತಳು. ಹುಳು ಸಾಕುವುದೆಂದರೆ ಬಾಣಂತಿ ಮನೆ ಕಾಯ್ದ ಹಾಗೆ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಗಾಳಿ ಬೆಳಕು ನೋಡಿಕೊಳ್ಳಬೇಕು. ಹೊರಗಿನವರು ಹುಳದ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ. ಮುಟ್ಟಾದವರಿಗೆ, ಸೂತಕದವರಿಗಂತೂ ಆ ಬಾಗಿಲ ಕಡೆ ನೋಡಲೂ ಬಿಡುವುದಿಲ್ಲ. ಹುಳಕ್ಕೆ ರೋಗ ತಗಲುತ್ತದೆ ಎಂದು ಆ ಊರಿನಲ್ಲಿ ಎಲ್ಲರೂ ನಂಬುತ್ತಾರೆ. ಕೊನೆಗೆ ಹುಳು ಸೊಪ್ಪು ಬಿಟ್ಟು ಹಳದಿಗೆ ತಿರುಗುತ್ತದೆ. ಅದಕ್ಕೆ ಹುಳು ಹಣ್ಣಾಯಿತು ಎನ್ನುತ್ತಾರೆ. ಹಣ್ಣಾದ ದಿನವೇ ಅದನ್ನು ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಆ ದಿನ ತಪ್ಪಿದರೆ ಹುಳು ಕಂಡ ಕಂಡ ಕಡೆ ನೂಲು ಸುತ್ತಿ ಬೆಳೆ ಹಾಳಾಗುತ್ತದೆ.

ಆ ಹುಳದಿಂದಲೇ ಮಗಳನ್ನು ಓದಿಸಿದಳು. ಹುಡುಗಿ ನರಸಾಪುರದ ಕಡೆ ಒಂದು ಕಾರ್ಖಾನೆಗೆ ಕೆಲಸಕ್ಕೆ ಸೇರಿ ಕಂಪನಿ ಬಸ್ಸು ಹತ್ತತೊಡಗಿದಳು. ಇನ್ನೇನು ತಾಯಿ ಉಸಿರು ಬಿಡಬೇಕು, ಅಷ್ಟರಲ್ಲಿ ಮಗಳ ಕಾಲು ಊದಿತು, ಮುಖ ಊದಿತು. ಎರಡು ಕಿಡ್ನಿಯೂ ಸುಕ್ಕಾಗಿವೆ ಎಂದರು. ಅವಳು ಕೋಲಾರಕ್ಕೆ ಬಂದು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದಳು. ತಾಯಿಯ ಕಿಡ್ನಿ ಹೊಂದಲಿಲ್ಲ. ಅಕ್ಕ ದೊಡ್ಡಗಂಗಮ್ಮ ತಾನೇ ಕೊಡುತ್ತೇನೆಂದು ಬಂದಳು, ಅವಳಿಗೆ ಸಕ್ಕರೆ ಕಾಯಿಲೆ. ವಾಪಸ್ಸು ಕಳಿಸಿದರು. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹೆಂಗಸಿನ ಪ್ರೀತಿಯ ಬಗ್ಗೆ ಯಾರೂ ನನ್ನ ಹತ್ತಿರ ಎರಡು ಮಾತಾಡಬಾರದು.

ಹಾಗೆ ಕಂಗೆಟ್ಟವರನ್ನು ಹುಡುಕಿಕೊಂಡು ಬರುವ ಜನ ಇರುತ್ತಾರಲ್ಲ, ಅಂಥ ಒಬ್ಬ ಬೋಧಕ ಇವರಿಗೂ ಗಂಟುಬಿದ್ದ. ಮಾಲೂರಿನ ಹತ್ತಿರ ಶಾಮಿಯಾನ ಹಾಕಿ ಕೂಟ ನಡೆಸುತ್ತಿದ್ದವನು. ಮೇಘನಳ ತಲೆಗೆ ಎಣ್ಣೆ ಹಚ್ಚಿ, ಗುಣವಾಯಿತು, ಇನ್ನು ಆಸ್ಪತ್ರೆ ಬೇಡ ಎಂದ. ಇವರು ನಂಬಿ ಯಂತ್ರ ತಪ್ಪಿಸಿದರು. ಹುಡುಗಿ ಉಸಿರುಗಟ್ಟಿ ಮತ್ತೆ ವಾರ್ಡಿಗೆ ಬಿದ್ದಳು. ನಿನ್ನ ನಂಬಿಕೆಯೇ ಸಾಲದು ಎಂದು ಅವನು ಫೋನಿನಲ್ಲಿ ಹೇಳಿ ಕೈ ತೊಳೆದುಕೊಂಡ. ಚಿಕ್ಕಗಂಗಮ್ಮ ಅದನ್ನು ನನ್ನ ಮುಂದೆ ಹೇಳಿದಾಗ ಮೈಯೆಲ್ಲ ಉರಿದುಹೋಯಿತು.

"ನೋಡಮ್ಮ, ಗುಣ ಆಗುತ್ತೆ ಅಂತ ನಾನು ಹೇಳಲ್ಲ. ಇಂಥವರನ್ನ ಎಷ್ಟೋ ಜನರನ್ನ ನೋಡಿದೀನಿ. ಆಗೋದು ಕಷ್ಟ," ಎಂದೆ.

"ಮತ್ತೆ ನಿಮ್ಮ ಯೇಸಪ್ಪ ಏನ್ ಮಾಡ್ತಾನೆ ಸಿಸ್ಟರಮ್ಮ?"

"ಅವನೂ ಸತ್ತಿದ್ದ. ಮೂರನೇ ದಿನ ಎದ್ದ. ಅವನನ್ನ ನಂಬಿ ಸತ್ತವರನ್ನ ಅಲ್ಲೇ ಬಿಟ್ಟುಹೋಗಲ್ಲ. ನನ್ನ ಹತ್ರ ಇರೋದು ಇಷ್ಟೇ."

ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಮುಂದಿನ ಬುಧವಾರ ನನಗೆಂದು ಅವರೆಕಾಳು ಸುಲಿದು ತಂದಿದ್ದಳು. ಮತ್ತೆ ಹೇಳಿ ಎಂದಳು. ಹೇಳಿದೆ. ಹಾಸಿಗೆಯಿಂದ ಮೇಘನಳೂ ಕೇಳಿಸಿಕೊಳ್ಳುತ್ತಿದ್ದಳು. ಒಂದು ವರ್ಷ ಹೀಗೆ ನಡೆದು, ತಾಯಿ ಮಗಳು ಇಬ್ಬರೂ ತಾವಾಗಿ ಕೇಳಿ ನಮ್ಮ ಸಭೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಗುಣವಾಗುವ ಆಸೆಗೆ ಅಲ್ಲ, ಆ ಹೊತ್ತಿಗೆ ಆ ಆಸೆ ಇಬ್ಬರಿಗೂ ಹೋಗಿತ್ತು.

ಊರಿನಲ್ಲಿ ಯಾರು ಏನೆಂದರೋ ಬಿಡಿ. ಅಕ್ಕ ಮಾತ್ರ ವಾರ್ಡಿಗೇ ಬಂದು ಜಗಳ ತೆಗೆದಳು.

"ನೋಡೇ ಚಿಕ್ಕಿ, ಮಗು ಉಳೀತಾ, ನಿಮ್ಮ ದೇವ್ರು ದೇವ್ರೇ, ಒಪ್ಕೊಂಡೆ. ಉಳೀಲಿಲ್ಲ ಅಂದ್ರೆ ಮಾತ್ರ ನೀನು ನನ್ ಜೊತೆ ತಂಬಿಟ್ಟಿನ ದೀಪ ಹೊತ್ಕೊಂಡು ನಮ್ಮ ಗಂಗಮ್ಮನ ಗುಡಿಗೆ ಬರ್ಬೇಕು. ತಪ್ಪಾಯ್ತು ತಾಯೀ ಅನ್ಬೇಕು. ಅವಳು ಕೊಟ್ಟ ಹೆಸರು ಕಣೇ ನಿಂದು."

ಚಿಕ್ಕಗಂಗಮ್ಮ ಮಗಳ ಹೊದಿಕೆ ಸರಿಮಾಡಿದಳು. ಅಕ್ಕ ಹೋದ ಮೇಲೆ, ಒಂದು ಉತ್ತರ ಕೊಡುವುದಲ್ಲವೇನೇ ಎಂದು ನಾನು ರೇಗಿದೆ.

"ಏನ್ ಹೇಳ್ಲಿ ಸಿಸ್ಟರಮ್ಮ? ಅವ್ರಪ್ಪ ಹೋದ. ತೋಟದೋರು ಜಮೀನ್ನ ಲೇಔಟಿನವ್ರಿಗೆ ಕೊಟ್ಬಿಟ್ರು, ಈ ಬೆಳೆ ಆದ್ಮೇಲೆ ಸೈಟಿನ ಕಲ್ಲು ನೆಡ್ತಾರಂತೆ. ಇನ್ನು ಇವಳೊಬ್ಳು. ಇವಳೂ ಹೋದ ದಿನ ನಾನು ಏನಾಗಿರ್ತೀನೋ ನಂಗೇ ಗೊತ್ತಿಲ್ಲ."

ನನಗೂ ಅದೇ ಭಯ. ಇವಳಿಗೆ ಸತ್ತವರು ಏಳುವ ಮಾತು ಹೇಳಿಕೊಟ್ಟವಳು ನಾನು. ಎಲ್ಲ ಹೋದ ದಿನ ಆ ಮಾತು ಇವಳನ್ನು ಹಿಡಿದು ನಿಲ್ಲಿಸುತ್ತದೆಯೋ, ಇಲ್ಲಾ ಆ ಎಣ್ಣೆಯವನ ಮಾತಿನ ಹಾಗೆ ಅದೂ ಗಾಳಿಗೆ ಹೋಗುತ್ತದೆಯೋ? ಬೇರೆಯವರ ಸಾವಿನ ಬಗ್ಗೆ ನಾವು ಧೈರ್ಯವಾಗಿ ಮಾತಾಡಿಬಿಡುತ್ತೇವೆ.

ಈ ಸಲ ಮಾವಿನ ಕಾಲ ಮುಗಿಯುವ ಹೊತ್ತಿಗೆ ಮೇಘನ ಇಳಿಯತೊಡಗಿದಳು. ಆ ಕೊನೆಯ ಬೆಳೆಯ ಹುಳವೂ ಹಣ್ಣಾಗುವುದಕ್ಕೆ ಬಂದಿತ್ತು. ತಾಯಿ ಮಂಚ ಬಿಟ್ಟು ಏಳಲು ಒಪ್ಪಲಿಲ್ಲ. ಮಗಳೇ ಕಳಿಸಿದಳು.

"ಹೋಗಮ್ಮ. ಹುಳ ಚಂದ್ರಿಕೆಗೆ ಬಿಟ್ಟು ಬಾ. ಆಂಟಿ ಇರ್ತಾರೆ."

"ನಿಂಗೆ ಏನಾದ್ರೂ ಆದ್ರೆ?"

"ಆದ್ರೆ ಆಂಟಿ ಫೋನ್ ಮಾಡ್ತಾರೆ. ಆಟೊದಲ್ಲಿ ಎಷ್ಟೊತ್ತು? ಬಂದ್ಬಿಡು."

ನಾನು ಮಾತು ಕೊಟ್ಟೆ. ಸ್ವಲ್ಪ ಹೆಚ್ಚು ಕಡಿಮೆ ಆದರೂ ಫೋನು ಮಾಡುತ್ತೇನೆ, ಕೇಳಿದ ತಕ್ಷಣ ಹೊರಟುಬಾ ಎಂದೆ. ಅವಳು ಮಗಳ ಪಾದ ಮುಟ್ಟಿ ನೋಡಿ ಹೋದಳು.

ಮಾರನೆಯ ದಿನ ಬೆಳಿಗ್ಗೆ, ಡೈರಿಗೆ ಹಾಲು ಹಾಕುವ ಹೊತ್ತಿನಲ್ಲಿ, ಹುಡುಗಿಗೆ ಉಸಿರು ಮೇಲಕ್ಕೆ ಬಂತು. ಡಾಕ್ಟರು ನನ್ನ ಮುಖ ನೋಡಿದರು. ಅದರ ಅರ್ಥ ನನಗೆ ಗೊತ್ತು. ಫೋನು ಮಾಡಿದೆ. ಎತ್ತಿದವಳು ದೊಡ್ಡಗಂಗಮ್ಮ. ಹುಳ ಮುಟ್ಟುವ ಕೈಯಲ್ಲಿ ಫೋನು ಮುಟ್ಟಬಾರದೆಂದು ತಂಗಿ ಅದನ್ನು ಅಕ್ಕನ ಕೈಗೆ ಕೊಟ್ಟಿದ್ದಳು.

"ಅವಳನ್ನ ಈಗಲೇ ಕಳಿಸಮ್ಮ. ಸಂಜೆ ತನಕ ಇರಲ್ಲ ಹುಡುಗಿ," ಎಂದೆ.

"ಆಯ್ತು ಸಿಸ್ಟರಮ್ಮ. ಕಳಿಸ್ತೀನಿ."

ಆಟೊದಲ್ಲಿ ಹೋಳೂರಿನಿಂದ ಕೋಲಾರಕ್ಕೆ ಬರಲು ಎಷ್ಟು ಹೊತ್ತು ಬೇಕು? ಬರಲಿಲ್ಲ. ಮತ್ತೆ ಮಾಡಿದೆ. "ಹೊರಡ್ತಾವ್ಳೆ" ಎಂದಳು. ಮತ್ತೆ ಮಾಡಿದೆ. "ಆಟೊ ಸಿಕ್ತಿಲ್ಲ, ಬರ್ತಾಳೆ" ಎಂದಳು. ಮೇಘನ ಕಣ್ಣು ಬಿಟ್ಟಾಗಲೆಲ್ಲ ಬಾಗಿಲು ನೋಡುತ್ತಿದ್ದಳು. "ಅಮ್ಮ?" ಎನ್ನುತ್ತಿದ್ದಳು. ಬರ್ತಿದಾಳೆ ಕಂದ ಎನ್ನುತ್ತಿದ್ದೆ. ನನ್ನ ಕೈ ಹಿಡಿದುಕೊಂಡಳು, ಆಮೇಲೆ ಅದು ಬೇರೆಯವರ ಕೈ ಎಂದು ಗೊತ್ತಾಗಿ ಬಿಟ್ಟಳು. ಮಧ್ಯಾಹ್ನ ವಾರ್ಡಿಗೆ ಊಟದ ಗಾಡಿ ಬಂದಾಗ ಹೋದಳು. ಇಪ್ಪತ್ತೆರಡು ವರ್ಷದ ಹುಡುಗಿ.

ಫೋನು ಮಾಡಿ ಹೇಳಿದೆ. ಕಟ್ಟಾಯಿತು. ಆಮೇಲೆ ಸ್ವಿಚ್ ಆಫ್.

ನಾನೇ ಮೈ ಒರೆಸಿದೆ, ಕಣ್ಣು ಮುಚ್ಚಿದೆ, ಜಡೆ ಹಾಕಿದೆ. ಹಾಸಿಗೆ ಬೇಕು ಎಂದು ವಾರ್ಡಿನವರು ಗಡಿಬಿಡಿ ಮಾಡಿದರು. ಹುಡುಗಿಯನ್ನು ಸ್ಟ್ರೆಚರಿನಲ್ಲಿ ಹಿಂದಿನ ಕಾರಿಡಾರಿಗೆ ತಳ್ಳಿಸಿ, ಅದರ ಪಕ್ಕ ಬೆಂಚಿನ ಮೇಲೆ ಕೂತೆ. ಬಿಸಿಲು ಇಳಿಯುತ್ತಾ ಬಂತು. ಎಂಥ ತಾಯಿ ಇವಳು ಎಂದು ಕುದಿಯುತ್ತಿದ್ದೆ. ಮಗಳಿಗಿಂತ ಹುಳ ಹೆಚ್ಚಾಯಿತೇ? ಇಲ್ಲ, ಹೆದರಿ ಮುಖ ತಪ್ಪಿಸಿದಳೇ? ಅಕ್ಕನ ಮಾತು ಕೇಳಿ ಗುಡಿಗೆ ಹೊರಟುಬಿಟ್ಟಳೇ?

ಆಂಬ್ಯುಲೆನ್ಸ್ ಓಡಿಸುವ ತನ್ವೀರ್ ಕೋಲಾರದ ಹುಡುಗ, ನನಗೆ ಚಿಕ್ಕಂದಿನಿಂದ ಗೊತ್ತು. ಬಂದು ನೋಡಿದ.

"ಎಷ್ಟೊತ್ತು ಹಿಂಗೇ ಕೂತ್ಕೋತೀರಾ ಅಮ್ಮೀ? ಅವರು ಬರೋ ಹಂಗೆ ಕಾಣಲ್ಲ. ನಾವೇ ಕರ್ಕೊಂಡ್ ಹೋಗೋಣ, ನಡೀರಿ."

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದೆ. ಒಂದೊಂದೂ ನಾಲಿಗೆ ತುದಿಯಲ್ಲಿ ಸಿದ್ಧವಾಗಿತ್ತು.

ಹುಳದ ಮನೆಯ ಮುಂದೆ, ಬಿಸಿಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ದೊಡ್ಡಗಂಗಮ್ಮ ಒಬ್ಬಳೇ ಕೂತಿದ್ದಳು. ತಲೆಗೆ ನೀರು ಹಾಕಿಕೊಂಡಿದ್ದಳು, ಉಟ್ಟ ಸೀರೆ ಮೈಮೇಲೇ ಅರ್ಧ ಒಣಗಿತ್ತು. ವ್ಯಾನು ಕಂಡ ತಕ್ಷಣ ಎದ್ದು ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು.

"ಸದ್ದು ಮಾಡ್ಬೇಡಿ ಸಿಸ್ಟರಮ್ಮ. ಒಳಗೆ ಇನ್ನೂ ಆಗಿಲ್ಲ. ಇನ್ನೊಂದು ಗಂಟೆ, ನಿಮ್ಮ ಕಾಲಿಗೆ ಬೀಳ್ತೀನಿ."

"ಏನು ಆಗಿಲ್ಲ?"

"ಹುಳ ಆಯೋದು."

"ಅವಳಿಗೆ ನೀನು ಹೇಳಿಲ್ವಾ?"

"ಹೆಂಗ್ ಹೇಳ್ಲಿ? ಬೆಳಿಗ್ಗೆ ಹೇಳಿದ್ರೆ ಓಡ್ಬಿಡ್ತಿದ್ಲು, ಹುಳ ಯಾರ್ ನೋಡ್ಬೇಕು? ಸಂಜೆಗಂಟ ಮಗು ತಡ್ಕೊಳುತ್ತೆ ಅನ್ಕೊಂಡೆ. ಮಧ್ಯಾಹ್ನ ನೀವು ಫೋನ್ ಮಾಡಿದ್ರಿ. ಕಿವಿಗೆ ಬಿದ್ರೆ ಸೂತಕ. ಬಿದ್ಮೇಲೆ ಹುಳ ಮುಟ್ಟೋ ಹಂಗಿಲ್ಲ, ಆಳುಗಳೂ ನಿಲ್ಲಲ್ಲ. ನಾನು ಕೇಳ್ಬಿಟ್ಟೆ. ಅದಕ್ಕೇ ಒಳಗೆ ಕಾಲಿಡ್ಲಿಲ್ಲ. ನೀರು ಹಾಕ್ಕೊಂಡು ಆವಾಗ್ಲಿಂದ ಇಲ್ಲೇ ಕೂತಿದೀನಿ, ತೊಟ್ಟು ನೀರು ಕುಡಿದಿಲ್ಲ. ಮಗು ಹೋಯ್ತು. ಇದು ಕೊನೇ ಬೆಳೆ. ಇದೂ ಹೋದ್ರೆ ನಾಳೆ ಇವಳು ಏನ್ ತಿಂತಾಳೆ? ಏಮಿ ಚೇಸೇದಿ ನೇನು, ಚೆಪ್ಪಂಡಿ?"

ದುಃಖ ಮೇಲೆ ಬಂದಾಗ ಅವಳಿಗೆ ತೆಲುಗೇ ಬರುತ್ತಿತ್ತು. ನಾನೇನು ಮಾಡಲಿ ನೀವೇ ಹೇಳಿ ಎಂದು ಕೇಳುತ್ತಿದ್ದಳು. ಸಾವಿನ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅಳಲೂ ಆಗದೆ, ಮಧ್ಯಾಹ್ನವೆಲ್ಲ ಆ ಸುಡುವ ಕಲ್ಲಿನ ಮೇಲೆ ಕೂತಿದ್ದಾಳೆ. ನನ್ನ ಬೈಗುಳವೆಲ್ಲ ತಪ್ಪು ವಿಳಾಸಕ್ಕೆ ಬರೆದಿದ್ದಾಗಿತ್ತು. ಆದರೂ ಸಿಟ್ಟು ಇಳಿಯಲಿಲ್ಲ.

"ಅವಳು ಈಗ ಸೂತಕ ಹಿಡಿಯೋದಿಲ್ಲ ಕಣಮ್ಮ. ಮಗಳ ಕೈ ಹಿಡಿದು ಕೂತು, ಕಳಿಸಿಕೊಟ್ಟು, ಆಮೇಲೆ ಬಂದೂ ಹುಳ ಮುಟ್ಟಬಹುದಿತ್ತು. ನಾವು ಸಭೆಯವರು ಹತ್ತು ಜನ ಬಂದು ಆಯ್ದುಕೊಡ್ತಿದ್ವಿ. ನಿನಗೆ ಇಷ್ಟು ಹೊಳೀಲಿಲ್ವಾ?"

ಹೊಳೆದಿರಲಿಲ್ಲ. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ತಂಗಿ ದೇವರನ್ನು ಬದಲಿಸಬಹುದು, ಆದರೆ ಸೂತಕವೂ ಬಿಟ್ಟುಹೋಗುತ್ತದೆ ಎಂಬುದು ಆ ತಲೆಗೆ ಬಂದೇ ಇರಲಿಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಅಷ್ಟರಲ್ಲಿ ಮಾತು ಕೇಳಿ ಚಿಕ್ಕಗಂಗಮ್ಮ ಹೊರಗೆ ಬಂದಳು. ಕೈಯಲ್ಲಿ ಹಣ್ಣು ಹುಳ ತುಂಬಿದ ಮೊರ. ನನ್ನನ್ನು ನೋಡಿದಳು, ವ್ಯಾನು ನೋಡಿದಳು. ಮೊರವನ್ನು ಮೆಲ್ಲಗೆ ಜಗುಲಿಯ ಮೇಲಿಟ್ಟಳು.

"ಯಾವಾಗ?"

"ಮಧ್ಯಾಹ್ನ. ಊಟದ ಹೊತ್ತಿಗೆ."

"ನನ್ನ ಕೇಳಿದ್ಲಾ?"

ಇಂಥ ಪ್ರಶ್ನೆಗೆ ನರ್ಸುಗಳ ಹತ್ತಿರ ಒಂದು ಉತ್ತರ ಸಿದ್ಧವಾಗಿರುತ್ತದೆ. ಎಚ್ಚರ ಇರಲಿಲ್ಲ, ನಿದ್ದೆಯಲ್ಲೇ ಹೋದರು ಎನ್ನುತ್ತೇವೆ. ಎಷ್ಟು ಮನೆಯವರಿಗೆ ಹಾಗೆ ಹೇಳಿದ್ದೇನೋ. ಇವಳಿಗೆ ಹೇಳಲು ಬಾಯಿ ಬರಲಿಲ್ಲ.

"ಕೇಳಿದ್ಲು. ಬೆಳಿಗ್ಗೆಯಿಂದಲೂ ಕೇಳ್ತಾನೇ ಇದ್ಲು."

"ನೀವು ಫೋನ್ ಮಾಡ್ಲಿಲ್ವಾ ಸಿಸ್ಟರಮ್ಮ?"

ನಾನು ಹೇಳುವ ಅಗತ್ಯ ಬೀಳಲಿಲ್ಲ. ಅವಳು ಅಕ್ಕನ ಒದ್ದೆ ತಲೆಯನ್ನು, ಅರ್ಧ ಒಣಗಿದ ಸೀರೆಯನ್ನು ನೋಡಿದಳು. ಆ ಸೀಮೆಯಲ್ಲಿ ಹುಟ್ಟಿ ಬೆಳೆದ ಹೆಂಗಸರಿಗೆ ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ನೀರು ಯಾಕೆ ಹಾಕಿಕೊಳ್ಳುತ್ತಾರೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಲೆನೋವು, ಅದಕ್ಕೇ ನೀರು ಹಾಕಿಕೊಂಡೆ ಎಂದು ಅಕ್ಕ ಆಗ ಹೇಳಿದ್ದಳಂತೆ. ಇವಳೂ ಹುಳದ ಗಡಿಬಿಡಿಯಲ್ಲಿ ಹೌದೆಂದುಕೊಂಡಿದ್ದಳು.

ಅವಳು ಕೈ ತೊಳೆದುಕೊಂಡು ವ್ಯಾನಿಗೆ ಹತ್ತಿದಳು. ಮಗಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಆಮೇಲೆ ಕೂಗಿದ ಕೂಗನ್ನು ನಾನು ಬರೆಯಲಾರೆ. ನನ್ನ ಕೆಲಸದಲ್ಲಿ ಬೇಕಾದಷ್ಟು ಕೂಗು ಕೇಳಿದವಳು ನಾನು, ಆದರೂ ಕಿವಿ ಮುಚ್ಚಿಕೊಂಡೆ.

ಕೂಗು ಕೇಳಿದ್ದೇ ತಡ, ಒಳಗೆ ಹುಳು ಆಯುತ್ತಿದ್ದ ಹೆಂಗಸರು ಕೈಯಲ್ಲಿದ್ದುದನ್ನು ಅಲ್ಲಲ್ಲೇ ಬಿಟ್ಟು ಹೊರಗೆ ಬಂದರು. ಸಾವಿನ ಮನೆಯಾಯಿತಲ್ಲ. ಕಣ್ಣೊರೆಸಿಕೊಂಡು, ತಲೆಗೆ ನೀರು ಹಾಕಿಕೊಳ್ಳಲು ತಮ್ಮ ತಮ್ಮ ಮನೆಗೆ ಹೋದರು. ಅವರನ್ನು ದೂರುವುದಿಲ್ಲ, ಅವರ ಪದ್ಧತಿ ಅದು. ಅರ್ಧಕ್ಕರ್ಧ ಹುಳ ಹಾಗೇ ಉಳಿದಿತ್ತು. ಹುಳ ಅಂದರೆ ನನಗೆ ಮೊದಲಿಂದಲೂ ಅಸಹ್ಯ. ಆದರೂ ಸೆರಗು ಕಟ್ಟಿ ಒಳಗೆ ಹೋದೆ. ತನ್ವೀರನೂ ಬಂದ. ಅವನ ಅಜ್ಜಿಯ ಮನೆಯಲ್ಲಿ ನೂಲು ಬಿಚ್ಚುವ ಕೆಲಸವಂತೆ, ಹುಳ ಹಿಡಿಯುವುದನ್ನು ಅವನೇ ನನಗೆ ತೋರಿಸಿಕೊಟ್ಟ. ಸ್ವಲ್ಪ ಹೊತ್ತಿಗೆ ಚಿಕ್ಕಗಂಗಮ್ಮ ಬಾಗಿಲಿಗೆ ಬಂದಳು.

"ಬಿಟ್ಬಿಡಿ ಸಿಸ್ಟರಮ್ಮ."

"ಇರಲಿ ಬಿಡೇ, ಆದಷ್ಟು ಆಯ್ತೀವಿ."

"ಬೇಡ. ಬಂದು ಮೇಘನ ಹತ್ರ ಕೂತ್ಕೊಳ್ಳಿ. ಬೆಳಿಗ್ಗೆಯಿಂದ ಅವಳ ಜೊತೆ ಇದ್ದೋರು ನೀವೊಬ್ರೇ. ಅವಳು ಏನೇನ್ ಅಂದ್ಲು, ಎಲ್ಲಾ ಹೇಳಿ."

ಎಲ್ಲವನ್ನೂ ಹೇಳಿದೆ. ಕೈ ಹಿಡಿದು ಬಿಟ್ಟದ್ದನ್ನೂ ಹೇಳಿದೆ. ಅವಳು ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡಳು.

ಬೆಳಗಾದಾಗ ಉಳಿದ ಹುಳವೆಲ್ಲ ಗೋಡೆಗೆ, ಪೊರಕೆಗೆ, ಸೊಪ್ಪಿನ ಕಡ್ಡಿಗೆ, ನೆಲದ ಸಂದಿಗೆ ಹತ್ತಿ ತೆಳ್ಳಗೆ, ಕೊಳಕಾಗಿ ನೂಲು ಸುತ್ತಿಕೊಂಡಿತ್ತು. ಯಾವ ಮಾರ್ಕೆಟ್ಟಿನಲ್ಲೂ ಅದನ್ನು ಮುಟ್ಟುವವರಿಲ್ಲ. ಅಂಗಳದಲ್ಲಿ ನೆಂಟರು ಸೇರಿದ್ದರು. ದೊಡ್ಡಗಂಗಮ್ಮ ಮೂಲೆಯಲ್ಲಿ ನಿಂತು, "ಬೈಯೇ ಚಿಕ್ಕೀ, ಒಂದೇಟು ಹೊಡಿಯೇ, ಸುಮ್ನಿರ್ಬೇಡ ಕಣೇ" ಎಂದು ಬೇಡಿಕೊಳ್ಳುತ್ತಿದ್ದಳು. ತಂಗಿ ಅವಳ ಕಡೆ ತಿರುಗಲಿಲ್ಲ.

ಅಕ್ಕನ ಗಂಡ ಚನ್ನರಾಯಪ್ಪ ಕೆಟ್ಟವನಲ್ಲ, ಊರಿನ ಮುಂದೆ ಮಾತಾಡಬೇಕಾದವನು. ಹತ್ತಿರ ಬಂದು ಕೂತ.

"ಆಗಿದ್ದು ಆಗೋಯ್ತಮ್ಮ. ಆ ದೇವ್ರಿಗೆ ಅಷ್ಟು ನಡ್ಕೊಂಡೆ, ಏನ್ ಕೊಟ್ಟ ಅವನು? ಈಗಾದ್ರೂ ನಮ್ ಪದ್ಧತೀಲಿ ಮಣ್ಣು ಮಾಡೋಣ. ಹನ್ನೊಂದನೇ ದಿನ ಆದ್ಮೇಲೆ ನಿಮ್ಮಕ್ಕನ ಜೊತೆ ಗುಡಿಗೆ ಹೋಗ್ಬಾ. ಊರು ನಿನ್ನ ಕೈ ಬಿಡಲ್ಲ."

ಅವಳು ಮಗಳ ಮುಖದ ಮೇಲಿನ ನೊಣ ಓಡಿಸುತ್ತಾ ಕೂತಿದ್ದಳು. ಹೂಂ ಎಂದುಬಿಟ್ಟರೆ ಅವಳನ್ನು ತಪ್ಪೆನ್ನುವ ಧೈರ್ಯ ನನಗೆ ಇರಲಿಲ್ಲ. ನನ್ನನ್ನು ಹತ್ತಿರ ಕರೆದಳು.

"ಬೆಳಿಗ್ಗೆಯಿಂದ ಪ್ರಾರ್ಥನೆ ಮಾಡೋಕೆ ನೋಡ್ತಿದೀನಿ, ಬರ್ತಿಲ್ಲ ಸಿಸ್ಟರಮ್ಮ. ಬಾಯಿ ಒಣಗಿಹೋಗೈತೆ. ಯೇಸಪ್ಪ ಅಂದ್ರೆ ಮುಂದಕ್ಕೆ ಹೋಗ್ತಿಲ್ಲ."

"ಅಷ್ಟೇ ಸಾಕು. ಮುಂದಿನದು ನಾವು ಮಾಡ್ತೀವಿ."

"ಹಂಗಾದ್ರೆ ಪೆಟ್ಟಿಗೆ ತರ್ಸಿ. ಕೋಲಾರದಲ್ಲಿ ನಮ್ಮೋರ ಹತ್ರ ಇಡೋಣ."

ಚನ್ನರಾಯಪ್ಪ ಟವೆಲ್ ಕೊಡವಿಕೊಂಡು ಎದ್ದ. ಆದರೆ ಪೆಟ್ಟಿಗೆ ಬಂದಾಗ ಅದಕ್ಕೆ ಮೊದಲು ಹೆಗಲು ಕೊಟ್ಟವನೂ ಅವನೇ.

ಇಷ್ಟಾದರೂ ನನ್ನ ಭಯ ಹೋಗಲಿಲ್ಲ. ಪೆಟ್ಟಿಗೆ ತರಿಸುವುದು ಹಠಕ್ಕೂ ಆಗುತ್ತದೆ. ಅಕ್ಕನ ಮೇಲಿನ ಸಿಟ್ಟಿಗೂ ಆಗುತ್ತದೆ. ಅವಳ ಮುಖ ಕಲ್ಲಾಗಿತ್ತು. ಸಮಾಧಿಯ ಹತ್ತಿರ ನಮ್ಮ ಸಭೆಯ ಹೆಂಗಸರು ಹಾಡಿದರು, ಇವಳ ತುಟಿ ಅಲ್ಲಾಡಲಿಲ್ಲ. ಅಯ್ಯನವರು ಓದಿದರು, ಪ್ರಾರ್ಥಿಸಿದರು. ಸತ್ತವರು ಎದ್ದುಬರುವರು ಎಂದು ನಾನು ಬುದ್ಧಿ ಬಂದಾಗಿನಿಂದ ಭಾನುವಾರ ಭಾನುವಾರ ಬಾಯಿಪಾಠ ಒಪ್ಪಿಸಿದವಳು. ಆ ಗುಂಡಿಯ ಮುಂದೆ ಆ ಮಾತು ನನಗೂ ಬಹಳ ದೂರದ್ದಾಗಿ ಕಂಡಿತು.

ದೊಡ್ಡಗಂಗಮ್ಮ ಗೇಟಿನ ಹೊರಗೇ ನಿಂತುಬಿಟ್ಟಿದ್ದಳು. ಅವರಲ್ಲಿ ಹೆಂಗಸರು ಮಣ್ಣಿಗೆ ಬರುವುದಿಲ್ಲ. ಬರುವ ಮುಖವೂ ಇಲ್ಲ ಎಂದು ತನ್ವೀರನ ಹತ್ತಿರ ಹೇಳಿದಳಂತೆ. ಎರಡು ಕೈಯಲ್ಲೂ ಗೇಟಿನ ಸರಳು ಹಿಡಿದು ಒಳಗೆ ನೋಡುತ್ತಿದ್ದಳು.

ಪೆಟ್ಟಿಗೆ ಇಳಿಸಿದರು. ತಾಯಿ ಮೊದಲು ಒಂದು ಹಿಡಿ ಮಣ್ಣು ಹಾಕಲಿ ಎಂದು ಅಯ್ಯನವರು ಸನ್ನೆ ಮಾಡಿದರು. ಚಿಕ್ಕಗಂಗಮ್ಮ ಬಗ್ಗಿ ಮಣ್ಣು ತೆಗೆದುಕೊಂಡಳು. ಹಾಕಲಿಲ್ಲ. ಮುಷ್ಟಿ ಹಿಡಿದುಕೊಂಡೇ ತಿರುಗಿ, ಎಲ್ಲರೂ ನೋಡುತ್ತಿರುವ ಹಾಗೇ, ಗೇಟಿನ ಕಡೆಗೆ ನಡೆದಳು. ನಾನೂ ಹಿಂದೆ ಓಡಿದೆ. ಅಕ್ಕನಿಗೆ ಬಡಿಯುತ್ತಾಳೆ ಎಂದೇ ಅಂದುಕೊಂಡೆ. ದೊಡ್ಡಗಂಗಮ್ಮನೂ ಹಾಗೇ ಅಂದುಕೊಂಡಿರಬೇಕು, ಕಣ್ಣು ಮುಚ್ಚಿಕೊಂಡಳು.

ತಂಗಿ ಅವಳ ರಟ್ಟೆ ಹಿಡಿದಳು.

"ಒಳಗೆ ಬಾ ಅಕ್ಕ."

"ನಾನು ಬರ್ಬಾರ್ದು ಕಣೇ. ಪಾಪಿ ನಾನು."

"ಬಾ ಅಂದ್ನಲ್ಲ."

ಎಳೆದುಕೊಂಡೇ ಬಂದಳು. ಗುಂಡಿಯ ಅಂಚಿನಲ್ಲಿ ಇಬ್ಬರೂ ನಿಂತರು. ಚಿಕ್ಕಗಂಗಮ್ಮನಿಗೆ ಅಳು ಒತ್ತರಿಸಿ ಬರುತ್ತಿತ್ತು, ಆದರೆ ಮಾತು ಮಾತ್ರ ಮನೆಯ ವಿಷಯ ಆಡಿದ ಹಾಗೆ ನೇರವಾಗಿ ಬಂತು.

"ಇವಳು ಏಳ್ತಾಳೆ ಅಕ್ಕ. ಯಾವತ್ತೋ ಗೊತ್ತಿಲ್ಲ, ಏಳ್ತಾಳೆ. ಎದ್ದ ತಕ್ಷಣ ನನ್ನ ಕೇಳೋದು ಒಂದೇ. ಅಷ್ಟು ಕರೆದೆ, ಯಾಕಮ್ಮ ಬರ್ಲಿಲ್ಲ ಅಂತಾಳೆ. ನಾನೇನ್ ಹೇಳ್ಲಿ? ನಂಗೆ ಗೊತ್ತಿರ್ಲಿಲ್ಲ ಅಂದ್ರೆ ನಂಬ್ತಾಳಾ? ನನ್ನ ಮಾತು ಸಾಲಲ್ಲ. ಅವತ್ತು ನೀನೂ ಅಲ್ಲಿರ್ಬೇಕು. ನೀನೇ ಹೇಳ್ಬೇಕು."

ದೊಡ್ಡಗಂಗಮ್ಮ ತಂಗಿಯ ಮುಖವನ್ನೇ ನೋಡಿದಳು. ಅದರಲ್ಲಿ ಚುಚ್ಚುವ ಭಾವ ಎಲ್ಲಾದರೂ ಇದೆಯೇ ಎಂದು ನಾನೂ ಹುಡುಕಿದೆ. ಇರಲಿಲ್ಲ. ಅವಳಿಗೆ ನಿಜವಾಗಿಯೂ ಆ ದಿನದ ಚಿಂತೆ ಹತ್ತಿತ್ತು.

"ನನ್ನ ಹತ್ರ ಸೇರಿಸ್ತಾಳೇನೇ ಅವಳು?"

"ನಿನ್ನ ಕೈ ತುತ್ತು ತಿಂದು ಬೆಳೆದೋಳು. ಸೇರಿಸ್ದೆ ಏನು?"

ದೊಡ್ಡಗಂಗಮ್ಮ ಆ ದಿನದ ತನಕ ಕಾಯಲಿಲ್ಲ. ಅಲ್ಲೇ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಕೈ ನೆಲಕ್ಕೆ ಊರಿ, ಪೆಟ್ಟಿಗೆಯ ಕಡೆಗೆ ಬಗ್ಗಿದಳು.

"ಮೇಘಾ," ಎಂದಳು. "ನಿಮ್ಮಮ್ಮಂಗೆ ನಾನೇ ಹೇಳಿರ್ಲಿಲ್ಲ ಕಣವ್ವ."

ಆಮೇಲೆ ಚಿಕ್ಕಗಂಗಮ್ಮ ಮಣ್ಣು ಹಾಕಿದಳು.